ಬಾನೆಟ್ ಮೇಲೆ ಬಾಳೆ ಎಲೆ

ನಮ್ಮ ಯಜಮಾನರಿಗೆ ವಸ್ತುಗಳ ಮೇಲಿರುವ ಮರ್ಯಾದೆ ಮನುಷ್ಯರ ಮೇಲಿಲ್ಲ. ಟಿವಿ ರಿಮೋಟಿಗೆ ಪ್ಲಾಸ್ಟಿಕ್ ಕವರು, ಫ್ರಿಜ್ಜಿನ ಹಿಡಿಗೆ ಬಟ್ಟೆ, ಸೋಫಾಕ್ಕೆ ಗವುಸು, ಆ ಗವುಸು ಕೊಳೆಯಾಗದಿರಲೆಂದು ಅದರ ಮೇಲೊಂದು ಟವೆಲು. ಮದುವೆಯಲ್ಲಿ ನಮ್ಮಪ್ಪ ಕೊಟ್ಟ ವಾಚಿನ ಗಾಜಿನ ಮೇಲಿದ್ದ ತೆಳು ಪ್ಲಾಸ್ಟಿಕ್ಕನ್ನು ಇವತ್ತಿಗೂ ಕಿತ್ತಿಲ್ಲ. ಅದು ಹಳದಿಯಾಗಿ ಒಳಗಿನ ಮುಳ್ಳೇ ಕಾಣುವುದಿಲ್ಲ. ಗಂಟೆ ಎಷ್ಟೆಂದು ನನ್ನನ್ನು ಕೇಳುತ್ತಾರೆ.

ಇಂಥವರು ಅರವತ್ತು ದಾಟಿದ ಮೇಲೆ ಹೊಸ ಕಾರು ಕೊಂಡರು. ಕೊಂಡರು ಅನ್ನುವುದು ತಪ್ಪು, ಕೊಂಡೆವು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಿ.ಟಿ. ಮೇಡಂ ಆಗಿದ್ದು ರಿಟೈರಾದವಳು ನಾನು. ಕಾರಿನಲ್ಲಿ ಅರ್ಧ ನನ್ನದು. ಕಾರು ಬರುವ ಮೊದಲೇ ಡ್ರೈವಿಂಗ್ ಸ್ಕೂಲಿಗೆ ಸೇರಿ, ಮೊದಲ ಸಲಕ್ಕೇ ಲೈಸೆನ್ಸ್ ತೆಗೆದುಕೊಂಡಿದ್ದೆ. ನನಗಿದ್ದ ಆಸೆ ಒಂದೇ. ಲಕ್ಷ್ಮೀಪುರಂನ ನಮ್ಮ ಮನೆಯಿಂದ ಹಿನಕಲ್‌ನಲ್ಲಿರುವ ತಂಗಿಯ ಮನೆಗೆ ನಾನೇ ಕಾರು ಓಡಿಸಿಕೊಂಡು ಹೋಗಬೇಕು, ಪಕ್ಕದ ಸೀಟಿನಲ್ಲಿ ಯಾರೂ ಇರಬಾರದು. ಜೀವಮಾನವೆಲ್ಲ ಸ್ಕೂಟರಿನ ಹಿಂದೆ ಕೂತು, ಯಜಮಾನರ ಬೆನ್ನನ್ನೇ ನೋಡಿಕೊಂಡು ಮೈಸೂರು ಸುತ್ತಿದವಳಿಗೆ ಅಷ್ಟೂ ಆಸೆ ಇರಬಾರದೇ?

"ಓಡಿಸುವೆಯಂತೆ ಇರೇ," ಎಂದರು ಅವರು. "ಮೊದಲು ಫಿಲ್ಮ್ ಹಾಕಿಸಿಬಿಡೋಣ."

ಫಿಲ್ಮ್ ಎಂದರೆ ಕಾರಿನ ಬಣ್ಣದ ಮೇಲೆ ಅಂಟಿಸುವ, ಕಣ್ಣಿಗೆ ಕಾಣದ ಹಾಳೆ. ಮೊಬೈಲಿನ ಗಾಜಿಗೆ ಅಂಟಿಸುತ್ತೇವಲ್ಲ, ಹಾಗೆ ಇಡೀ ಕಾರಿಗೆ. ಹೀಗಾಗಿ ಶೋರೂಮಿನಿಂದ ಹೊರಟ ನಮ್ಮ ಕಾರು ಮನೆಗೆ ಬರದೆ ನೇರ ರಿಂಗ್ ರೋಡಿನ ಪಕ್ಕದ ಫಿಲ್ಮ್ ಅಂಗಡಿಗೆ ಹೋಯಿತು. ಅಂಗಡಿಯವರು ಕೆಸರೆ ಕಡೆಯವರು. ಕಾರಿನ ಸುತ್ತ ಒಂದು ಸುತ್ತು ಬಂದು, ಇದ್ದದ್ದನ್ನು ಇದ್ದ ಹಾಗೆ ಹೇಳಿದರು.

"ನೋಡಿ ಸಾರ್, ಸಣ್ ಕಲ್ಲು ಸಿಡುದ್ರೆ ಬಣ್ಣ ಏಳಾಕಿಲ್ಲ. ಕೂದಲೆಳೆಯಂಗೆ ಗೀರು ಬಿದ್ರೆ ಒಸಿ ಬಿಸ್ನೀರು ಉಯ್ರಿ, ತಂತಾನೇ ಕೂಡ್ಕೋತದೆ. ಅರಿಶ್ನ ಮಾತ್ರ ತಾಗಿಸ್ಬೇಡಿ, ಕರೆ ಓಗಾಕಿಲ್ಲ. ಇನ್ನ ಗುದ್ದುದ್ರೆ ಇದು ಏನೂ ಮಾಡಾಕಿಲ್ಲ, ಅದನ್ನ ಈಗ್ಲೇ ಏಳ್ಬುಡ್ತೀನಿ."

ಯಜಮಾನರು ಎಲ್ಲವನ್ನೂ ಡೈರಿಯಲ್ಲಿ ಬರೆದುಕೊಂಡರು. ಗುದ್ದುವ ಮಾತು ಬಂದಾಗ ಮಾತ್ರ ಪೆನ್ನು ನಿಲ್ಲಿಸಿ ನನ್ನ ಕಡೆ ನೋಡಿದರು. ನನಗೆ ಮೈಯೆಲ್ಲ ಉರಿದುಹೋಯಿತು.

"ಇದು ಬೇಕೇ ಬೇಕಾ?" ಎಂದು ಅಂಗಡಿಯವರನ್ನೇ ಕೇಳಿದೆ.

"ಐವೇ ರೋಡಲ್ಲಿ ಓಡ್ಸೋರ್ಗೆ ಒಳ್ಳೇದು ಮೇಡಂ. ನೀವು ಎಲ್ಲೀಗಂಟ ಓಗ್ತೀರ?"

"ಹಿನಕಲ್‌ವರೆಗೆ."

ಅವರು ಕಾರನ್ನೊಮ್ಮೆ, ಯಜಮಾನರ ಡೈರಿಯನ್ನೊಮ್ಮೆ ನೋಡಿದರು. ಆಮೇಲೆ, "ಇರ್ಲಿ ಬುಡಿ, ಸೇಫ್ಟಿ," ಎಂದರು.

ಮೂರು ದಿನ ಕಳೆದು ಕಾರು ಬಂತು. ಕನ್ನಡಿಯ ಹಾಗೆ ಹೊಳೆಯುತ್ತಿತ್ತು, ಅದನ್ನು ಒಪ್ಪಿಕೊಳ್ಳುತ್ತೇನೆ. ಸಂಜೆ ಮನೆಯ ಹತ್ತಿರದ ಗುಡಿಗೆ ಪೂಜೆಗೆ ಒಯ್ದೆವು. ಅರ್ಚಕರು ಬಟ್ಟಲಲ್ಲಿ ಅರಿಶಿನ ಕಲಸಿಕೊಂಡು, ಸ್ವಸ್ತಿಕ ಬರೆಯಲು ಬಾನೆಟ್ಟಿನತ್ತ ಬೆರಳು ಚಾಚಿದ್ದೇ ತಡ, ಯಜಮಾನರು "ಸ್ವಾಮೀ!" ಎಂದು ಕಿರುಚಿ ಅಡ್ಡ ನಿಂತರು. ಡಿಕ್ಕಿಯಿಂದ ತುದಿ ಬಾಳೆ ಎಲೆಯೊಂದನ್ನು ತೆಗೆದು ಬಾನೆಟ್ಟಿನ ಮೇಲೆ ಹಾಸಿದರು. ಮನೆಯಿಂದಲೇ ತೊಳೆದು, ಒರೆಸಿ ತಂದಿದ್ದರು.

ಅರ್ಚಕರು ಎಲೆಯನ್ನು ನೋಡಿದರು, ನನ್ನನ್ನು ನೋಡಿದರು.

"ಏನ್ ಸಾರ್ ಇದು, ಪೂಜೆಗೋ ಊಟಕ್ಕೋ?"

"ಎಲೆ ಮೇಲೇ ಬರೆದುಬಿಡಿ ಸ್ವಾಮೀ. ಗಾಡಿಗೆ ಫಿಲ್ಮ್ ಹಾಕಿಸಿದೀವಿ."

"ಹಾಗಿದ್ರೆ ಆಶೀರ್ವಾದ ಎಲೆಗೇ ಆಗೋದು ಕಣ್ರೀ," ಎಂದರು ಅರ್ಚಕರು. ಆದರೂ ಬರೆದರು. ಪಾಪ, ಮಂತ್ರ ಹೇಳುವಾಗ ಅವರಿಗೆ ನಗು ತಡೆಯಲಾಗದೆ ಎರಡು ಸಲ ಕೆಮ್ಮಿದರು. ತೆಂಗಿನಕಾಯಿ ಚೂರು ಸಿಡಿದೀತೆಂದು ಈಡುಗಾಯಿಯನ್ನು ಪಕ್ಕದ ರಸ್ತೆಗೆ ಒಯ್ದು ಒಡೆಸಿದರು ನಮ್ಮವರು. ಅಲ್ಲಿ ಯಾರದೋ ಹಳೇ ಸ್ಕೂಟರು ನಿಂತಿತ್ತು, ನಮ್ಮ ಪುಣ್ಯವೆಲ್ಲ ಅದಕ್ಕೆ ಹೋಯಿತು. ಅಡ್ಡಾಡುತ್ತಿದ್ದವರೆಲ್ಲ ನಿಂತು ನೋಡುತ್ತಿದ್ದರೆ ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕಾರಿನೊಳಗೆ ಕೂತುಬಿಟ್ಟೆ. ಕೂತದ್ದು ಪಕ್ಕದ ಸೀಟಿನಲ್ಲಿ ಅನ್ನುವುದನ್ನು ಬೇರೆ ಹೇಳಬೇಕಿಲ್ಲ.

ಅಲ್ಲಿಂದ ಮುಂದೆ ನನ್ನ ಸರದಿ ಬರಲೇ ಇಲ್ಲ. ಫಿಲ್ಮ್ ಸರಿಯಾಗಿ ಕೂರಲಿ ಎಂದು ಒಂದು ವಾರ, ದಸರಾ ಜನ ಕರಗಲಿ ಎಂದು ಎರಡು ವಾರ, ಮಳೆ ನಿಲ್ಲಲಿ ಎಂದು ಇನ್ನೆಷ್ಟೋ. ಕಾರು ಮನೆ ಮುಂದೆ ಕವರು ಹೊದ್ದು ನಿಂತಿತ್ತು. ಆ ಕವರು ಫಿಲ್ಮಿಗೆ ಉಜ್ಜದಿರಲೆಂದು ಒಳಗೆ ನನ್ನ ಎರಡು ಹಳೆಯ ಕಾಟನ್ ಸೀರೆ ಹಾಸಿದ್ದರು. ಬಣ್ಣ ಕಾಯಲು ಫಿಲ್ಮು, ಫಿಲ್ಮ್ ಕಾಯಲು ಸೀರೆ, ಸೀರೆ ಕಾಯಲು ಕವರು, ಎಲ್ಲವನ್ನೂ ಕಾಯಲು ಕುರ್ಚಿ ಹಾಕಿಕೊಂಡು ಕೂತ ಯಜಮಾನರು. ಭಾನುವಾರ ಬೆಳಿಗ್ಗೆ ಆರಕ್ಕೆ, ರಸ್ತೆಯಲ್ಲಿ ಹಾಲಿನವರು ಬಿಟ್ಟು ಯಾರೂ ಇಲ್ಲದಾಗ, ಕವರು ತೆಗೆದು ಅವರೇ ಒಂದು ಸುತ್ತು ಹೊಡೆಯುತ್ತಿದ್ದರು. ಮುಂದೆ ಜಲ್ಲಿ ಲಾರಿ ಕಂಡರೆ ಬದಿಗೆ ನಿಲ್ಲಿಸಿ, ಅದು ಕಣ್ಮರೆಯಾಗುವವರೆಗೆ ಹೊರಡುತ್ತಿರಲಿಲ್ಲ.

"ನಂಗೆ ಯಾವಾಗ್ರೀ ಕೊಡೋದು?" ಎಂದರೆ, "ನಿನ್ನ ಕೈ ಇನ್ನೂ ಕೂರಬೇಕು ಕಣೇ," ಎನ್ನುತ್ತಿದ್ದರು. ಸ್ಟೀರಿಂಗ್ ಹಿಡಿಯದೆ ಕೈ ಹೇಗೆ ಕೂರುತ್ತದೆ? ನೀರಿಗಿಳಿಯದೆ ಈಜು ಕಲಿ ಎಂದ ಹಾಗಾಯಿತು. ಆದರೆ ಒಳಗೊಳಗೇ ನನಗೂ ಅಳುಕು ಶುರುವಾಗಿತ್ತು. ದಿನ ಕಳೆದಷ್ಟೂ ಕ್ಲಚ್ಚು ಯಾವ ಕಾಲಿಗೆ, ಬ್ರೇಕು ಯಾವ ಕಾಲಿಗೆ ಎಂದು ರಾತ್ರಿ ಮಂಚದ ಮೇಲೆ ಮಲಗಿ ಒತ್ತಿ ನೋಡಿಕೊಳ್ಳುತ್ತಿದ್ದೆ. ಹೀಗೇ ಬಿಟ್ಟರೆ ಇನ್ನು ಓಡಿಸಲಾರೆ ಅನ್ನಿಸಿ ಒಮ್ಮೆ ಅತ್ತೂಬಿಟ್ಟೆ.

ಅಷ್ಟರಲ್ಲಿ ಪಕ್ಕದ ಮನೆಯ ಬೆಕ್ಕು ಕವರಿನೊಳಗೆ ನುಗ್ಗಿ, ಸೀರೆಯನ್ನು ಪಕ್ಕಕ್ಕೆ ತಳ್ಳಿ, ಬಾನೆಟ್ಟಿನ ಮೇಲೆ ಸುಖವಾಗಿ ನಿದ್ದೆ ಮಾಡಿ ಹೋಗಿತ್ತು. ಬೆಳಿಗ್ಗೆ ನೋಡಿದರೆ ನಾಲ್ಕು ಸಣ್ಣ ಗೀರು. ನನ್ನ ಕನ್ನಡಕಕ್ಕೆ ಕಾಣಲಿಲ್ಲ, ಯಜಮಾನರ ಬರಿಗಣ್ಣಿಗೆ ಕಂಡವು. ಡೈರಿ ತೆಗೆದು ನೋಡಿದರು: ಬಿಸಿನೀರು. ನನ್ನ ಕಾಫಿಗೆ ಕಾದಿದ್ದ ನೀರನ್ನು ಹಿತ್ತಾಳೆ ಚೆಂಬಿಗೆ ಬಗ್ಗಿಸಿಕೊಂಡು ಓಡಿದರು.

ಮರುಗಳಿಗೆಯಲ್ಲಿ "ಅಯ್ಯೋ" ಎಂಬ ಕೂಗು, ಹಿಂದೆಯೇ ಢಣ್ ಎಂಬ ಸದ್ದು. ಹೊರಗೆ ಹೋಗಿ ನೋಡಿದರೆ ಯಜಮಾನರು ಸುಟ್ಟ ಬೆರಳನ್ನು ಊದಿಕೊಳ್ಳುತ್ತ ನಿಂತಿದ್ದಾರೆ. ಚೆಂಬು ನೆಲದ ಮೇಲೆ ಉರುಳಾಡುತ್ತಿದೆ. ಬಾನೆಟ್ಟಿನ ನಡುವೆ ಒಂದು ಉದ್ದಿನವಡೆ ಹಿಡಿಸುವಷ್ಟು ಗುಳಿ.

ಫೋನು ಮಾಡಿದ್ದಕ್ಕೆ ಫಿಲ್ಮ್ ಅಂಗಡಿಯವರು ಬೈಕಿನಲ್ಲಿ ಬಂದರು. ಬಗ್ಗಿ, ಗುಳಿಯ ಮೇಲೆ ಬೆರಳಾಡಿಸಿದರು. ಅವರ ಮುಖ ಅರಳಿತು.

"ಸಾರ್, ಏನ್ ಮಾಲು ನೋಡಿ! ಫಿಲ್ಮ್ ಒಂದ್ ಚೂರೂ ಅರಿದಿಲ್ಲ, ಬಣ್ಣ ಅಂಗೇ ಅದೆ. ಗೀರೂ ಮಾಯ. ತಗಡು ಒಂದು ಒಳೀಕೆ ಓಗ್ಯದೆ, ಅಷ್ಟೇಯ."

ನಾನು ಮೆಟ್ಟಿಲ ಮೇಲೆ ಕುಸಿದು ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆ. ಹೊಸ ಕಾರಿಗೆ ಫಿಲ್ಮ್ ಹಾಕಿಸಬಹುದಾ ಎಂದು ಈಗ ಯಾರಾದರೂ ಕೇಳಿದರೆ, ಧಾರಾಳವಾಗಿ ಹಾಕಿಸಿ ಎನ್ನುತ್ತೇನೆ. ಓಡಿಸುವವರಿಗೆ ಒಳ್ಳೆಯದು, ಮುಚ್ಚಿಡುವವರಿಗೆ ದಂಡ. ಆದರೆ ಆ ಹೊತ್ತಿನಲ್ಲಿ ನಕ್ಕು ಮುಗಿಸಿ ತಲೆಯೆತ್ತಿದಾಗ ಯಜಮಾನರ ಮುಖ ನೋಡಿ ಅಯ್ಯೋ ಪಾಪ ಅನ್ನಿಸಿತು. ಬೆರಳಿಗೆ ಬೆಣ್ಣೆ ಹಚ್ಚಿದೆ. ಹಚ್ಚಿದ ಮೇಲೆ ಕೈ ಚಾಚಿದೆ.

"ಕೀ ಕೊಡಿ."

"ಇವತ್ತಾ?"

"ಇವತ್ತೇ. ಇಷ್ಟು ದಿನದಲ್ಲಿ ಗಾಡಿಗೆ ಬಿದ್ದಿರೋ ಏಟು ಒಂದೇ. ಅದು ನಾನು ಹಾಕಿದ್ದಲ್ಲ."

ಅವರು ಜೇಬಿನಿಂದ ಕರವಸ್ತ್ರ ತೆಗೆದು, ಅದರೊಳಗಿನ ಪ್ಲಾಸ್ಟಿಕ್ ಕವರು ಬಿಚ್ಚಿ, ಕೀ ಕೊಟ್ಟರು. "ನಾನೂ ಬರ್ತೀನಿ," ಎಂದರು. "ಬೇಡ್ರೀ," ಎಂದೆ.

ಗೇಟು ದಾಟುವಾಗಲೇ ಎರಡು ಸಲ ಇಂಜಿನ್ ಆಫ್ ಆಯಿತು. ಹುಣಸೂರು ರಸ್ತೆಗೆ ಬರುವಷ್ಟರಲ್ಲಿ ಅಂಗೈ ಬೆವರಿ ಸ್ಟೀರಿಂಗ್ ಜಾರುತ್ತಿತ್ತು. ಹಿಂದಿನಿಂದ ಬಸ್ಸಿನವನು ಹಾರ್ನ್ ಹೊಡೆದ, ನಾನೂ ತಿರುಗಿ ಹೊಡೆದೆ. ಮುಂದೆ ಹೋಗುತ್ತಿದ್ದ ಜಲ್ಲಿ ಲಾರಿಯಿಂದ ಟಪಟಪ ಕಲ್ಲು ಸಿಡಿದವು. ಸಿಡಿದುಕೊಳ್ಳಲಿ ಎಂದು ಅದನ್ನೇ ಹಿಂದೆ ಹಾಕಿ ಹೋದೆ. ಅಷ್ಟು ಭಯ, ಅಷ್ಟು ಸಂತೋಷ ಎರಡೂ ಒಟ್ಟಿಗೆ ನನಗೆ ಹಿಂದೆ ಯಾವತ್ತೂ ಆಗಿರಲಿಲ್ಲ.

ಹಿನಕಲ್ ತಲುಪಿ ನೋಡಿದರೆ ತಂಗಿಯ ಮನೆಗೆ ಬೀಗ. ಫೋನು ಮಾಡಿದೆ. ಯಾರದೋ ಮದುವೆಗೆಂದು ಮಂಡ್ಯದಲ್ಲಿದ್ದಳು.

"ಹೇಳ್ದೆ ಕೇಳ್ದೆ ಬಂದ್ಬುಟ್ಟೆಯಲ್ಲಕ್ಕಾ! ಅಲ್ಲೀಗಂಟ ಬಂದು ಸುಮ್ನೆ ವಾಪಸ್ ಹೋಗೋ ಹಂಗಾಯ್ತಲ್ಲ," ಎಂದು ಪೇಚಾಡಿದಳು.

"ಇರ್ಲಿ ಬಿಡು ಕಣೇ," ಎಂದು ಫೋನು ಇಟ್ಟೆ. ಗಾಡಿ ತಿರುಗಿಸಿದೆ. ಬಂದ ದಾರಿಯೇ ಮನೆಗೆ ಹತ್ತಿರ. ನಾನು ರಿಂಗ್ ರೋಡಿಗೆ ಇಳಿದು, ಇಡೀ ಊರನ್ನು ಒಂದು ಸುತ್ತು ಹಾಕಿಕೊಂಡು ಮನೆಗೆ ಹೋದೆ.