ಮೇಣದೊಳಗಿದ್ದ ಮುದ್ದಮ್ಮ

ಮದ್ದೂರಿನ ಸ್ಟೇಷನ್ ರಸ್ತೆಯಲ್ಲಿ ಗ್ರಾಮಫೋನು ರಿಪೇರಿ ಮಾಡುತ್ತಿದ್ದ ಹುಚ್ಚೀರಯ್ಯನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಕೆಟ್ಟ ಪೆಟ್ಟಿಗೆ ಹೊತ್ತು ತಂದವರಿಗೆ ಮೊದಲು ಬೈಗುಳ, ಆಮೇಲೆ ರಿಪೇರಿ. "ಸ್ಪ್ರಿಂಗು ಕಿತ್ತೋಗೋಗಂಟ ತಿರುಗ್ಸಿದ್ದೀಯಲ್ಲ, ಇದೇನು ರಾಗಿಕಲ್ಲೇನ್ಲಾ?" ಎನ್ನುವನು. ಬೈಸಿಕೊಂಡವರು ನಗುತ್ತ ಕೂರುವರು. ಕೂರದೆ ಏನು ಮಾಡಿಯಾರು? ಮಂಡ್ಯದಿಂದ ಮಳವಳ್ಳಿಯವರೆಗೆ ಆ ಕೆಲಸ ಬಲ್ಲವರು ಇನ್ನೊಬ್ಬರಿರಲಿಲ್ಲ. ಯುದ್ಧ ಶುರುವಾದ ಮೇಲಂತೂ ಹೊಸ ಸ್ಪ್ರಿಂಗೂ ಇಲ್ಲ, ಸೂಜಿಯೂ ಇಲ್ಲ. ತುಂಡಾದ ಸ್ಪ್ರಿಂಗಿನ ತುದಿ ಕಾಯಿಸಿ, ಹೊಸ ತೂತು ಕೊರೆದು ಮತ್ತೆ ಸಿಕ್ಕಿಸುವನು. ಸೂಜಿಯಿಲ್ಲದವರಿಗೆ ಜಾಲಿಮುಳ್ಳನ್ನೇ ಹೆರೆದು ಕೊಡುವನು. ಮುಳ್ಳಿನಲ್ಲಿ ಹಾಡು ಕೊಂಚ ಮೆತ್ತಗೆ ಬರುತ್ತಿತ್ತು, ಅಷ್ಟೆ.

ಯುದ್ಧ ಇನ್ನೂ ಮುಗಿಯದಿದ್ದ ಒಂದು ಶ್ರಾವಣದಲ್ಲಿ ಹಲಗೂರಿನ ಹೊನ್ನಯ್ಯನೆಂಬ ಬೇಸಾಯಗಾರ ಗೋಣಿಯಲ್ಲಿ ಸುತ್ತಿದ ಮರದ ಪೆಟ್ಟಿಗೆಯೊಂದನ್ನು ತಂದಿಟ್ಟ. ಮುಚ್ಚಳ ತೆಗೆದ ಹುಚ್ಚೀರಯ್ಯ ಬೈಯುವುದನ್ನೇ ಮರೆತ. ಹಾಡಿನ ಪ್ಲೇಟು ಕೂರುವ ತಟ್ಟೆಯೇ ಅದರಲ್ಲಿಲ್ಲ. ಆ ಜಾಗದಲ್ಲಿ ಅಡ್ಡಡ್ಡವಾಗಿ ಲೋಹದ ದಿಂಡೊಂದಿತ್ತು. ಪಕ್ಕದಲ್ಲೊಂದು ರಟ್ಟಿನ ಡಬ್ಬಿ. ಅದರೊಳಗೆ ಹತ್ತಿಯ ನಡುವೆ ಕಂದು ಬಣ್ಣದ, ಸಾಬೂನಿನಷ್ಟು ನುಣುಪಾದ ಕೊಳವೆ. ಪ್ಲೇಟುಗಳು ಬರುವ ಮೊದಲು ಹೀಗೆ ಮೇಣದ ಕೊಳವೆಗಳಿದ್ದವು, ಮನೆಯವರ ಮಾತನ್ನೂ ಅವುಗಳಲ್ಲಿ ಹಿಡಿದಿಡಬಹುದಿತ್ತು ಎಂದು ಅವನಿಗೆ ಕೆಲಸ ಕಲಿಸಿದ ಮೈಸೂರಿನ ಸಾಬರು ಹೇಳಿದ್ದರು. ಕಣ್ಣಾರೆ ಕಂಡದ್ದು ಅದೇ ಮೊದಲು.

"ಇದ್ರೊಳಗೆ ನಮ್ಮಕ್ಕ ಅವ್ಳೆ ಕಣಣ್ಣ," ಎಂದ ಹೊನ್ನಯ್ಯ.

ಸಂಗತಿ ಹೀಗಿತ್ತು. ಶಿವನಸಮುದ್ರದ ಕರೆಂಟು ಕೆಲಸದ ಬಿಳಿ ಇಂಜಿನಿಯರೊಬ್ಬ ತನ್ನ ದೇಶಕ್ಕೆ ಹೊರಟಾಗ ಹೊನ್ನಯ್ಯನ ಅಪ್ಪ ಅಂಕಯ್ಯ ಈ ಯಂತ್ರವನ್ನು ಕೊಂಡು ತಂದಿದ್ದರು. ಇನ್‌ಫ್ಲುಯೆಂಜಾ ಬಂದ ವರ್ಷ ಅವರ ಹೆಂಡತಿ ದೊಡ್ಡತಾಯಮ್ಮ ಹೆರಿಗೆಗೆಂದು ತವರಿಗೆ ಹೋಗಿದ್ದರು. ಹೊಟ್ಟೆಯಲ್ಲಿದ್ದವನು ಇದೇ ಹೊನ್ನಯ್ಯ. ಅವ್ವ ಬಂದ ಮೇಲೆ ಕೇಳಿಸೋಣವೆಂದು ಅಂಕಯ್ಯ ಹಿರಿಮಗಳು ಮುದ್ದಮ್ಮನನ್ನು ಯಂತ್ರದ ಮುಂದೆ ಕೂರಿಸಿ ಮಾತಾಡಿಸಿದ್ದರು. ಬಾಣಂತಿ ಮನೆಗೆ ಬರುವಷ್ಟರಲ್ಲಿ ಆ ಜ್ವರದಲ್ಲಿ ಹೋದ ಮುದ್ದಮ್ಮನನ್ನು ಮಣ್ಣು ಮಾಡಿ ಆಗಿತ್ತು. ಸ್ಪ್ರಿಂಗು ಹೋಗಿದೆ ಎಂದು ಅಂಕಯ್ಯ ಯಂತ್ರವನ್ನು ಅಟ್ಟಕ್ಕೇರಿಸಿದರು. ನಿಜಕ್ಕೂ ಆಗಲೇ ಹೋಗಿತ್ತೋ, ಆ ದನಿ ಕೇಳುವ ಧೈರ್ಯ ಅವರಿಗಿರಲಿಲ್ಲವೋ, ಈಗ ಕೇಳೋಣವೆಂದರೆ ಅವರೂ ಇರಲಿಲ್ಲ.

"ಈ ಸಲದ ಹಿರೀಕರ ಹಬ್ಬಕ್ಕೆ ಎಡೆ ಇಕ್ಕುದ್ಮೇಲೆ ಒಂದ್ಸಲ ಕೇಳ್ಬೇಕಂತೆ ಅವ್ವ," ಎಂದ ಹೊನ್ನಯ್ಯ. "ಇನ್ನೇನೂ ಬ್ಯಾಡ ಅಂತದೆ."

ಹುಚ್ಚೀರಯ್ಯ ಮಿಕ್ಕ ಪೆಟ್ಟಿಗೆಗಳನ್ನೆಲ್ಲ ಮೂಲೆಗೆ ಸರಿಸಿ ಇದನ್ನೇ ಹಿಡಿದು ಕೂತ. ಸ್ಪ್ರಿಂಗು ಕೂಡಿಸಿದ. ಒಣಗಿದ್ದ ಪಟ್ಟಿಗೆ ಬದಲು ಮೆಟ್ಟು ಹೊಲಿಯುವವನ ಹತ್ತಿರ ತೆಳುವಾದ ತೊಗಲು ಕುಯ್ಯಿಸಿ ತಂದ. ದನಿ ಹೊರಡಿಸುವ ಬಿಲ್ಲೆ ಸೀಳಿತ್ತು. ಕಾಗೆಬಂಗಾರದ ಪದರ ಬಿಡಿಸಿ ಬೇರೆ ಕತ್ತರಿಸಿದ. ಕೊಳವೆಗೆ ಹಿಡಿದಿದ್ದ ಬೂಷ್ಟನ್ನು ಹತ್ತಿಯಲ್ಲಿ ಒರೆಸುವಾಗ ಉಸಿರನ್ನೂ ಬಿಗಿಹಿಡಿದಿದ್ದ. ಪರೀಕ್ಷೆಗೆಂದು ಒಮ್ಮೆ ತಿರುಗಿಸಿದ. ಎಣ್ಣೆಯಲ್ಲಿ ಬೋಂಡ ಬೇಯುವಂಥ ಸದ್ದಿನೊಳಗಿಂದ ಎಳೆಯ ದನಿಯೊಂದು ಎದ್ದು ಬಂತು. ಸತ್ತು ಎಷ್ಟೋ ಕಾಲವಾದ ಕೂಸು ತನ್ನ ಅಂಗಡಿಯಲ್ಲಿ ಕೂತು ಮಾತಾಡುತ್ತಿದೆ ಎನಿಸಿ ಹುಚ್ಚೀರಯ್ಯ ಅತ್ತೇಬಿಟ್ಟ. ಇನ್ನೊಮ್ಮೆ ಕೇಳುವ ಆಸೆಯಾಯಿತು, ಆದರೆ ಹಾಕಿದಷ್ಟೂ ಮೇಣ ಸವೆಯುತ್ತದೆ. ಉಳಿದಿದ್ದೆಲ್ಲ ಹೆತ್ತವಳಿಗಿರಲಿ ಎಂದು ಎತ್ತಿಟ್ಟ.

"ಕೊಳ್ವೆಗೆ ಕೈಬೆಳ್ಳು ತಾಕುಸ್ಬ್ಯಾಡಿ. ಬಿಸ್ಲಲ್ಲಿ ಮಡುಗ್ಬ್ಯಾಡಿ. ಹಬ್ಬದ ದಿವ್ಸ ನಾನೇ ಬಂದು ಹಾಕ್ತೀನಿ," ಎಂದು ಹೇಳಿ ಹೊನ್ನಯ್ಯನ ಕೈಗೆ ಕೊಟ್ಟು ಕಳಿಸಿದ. ಬೆಂಕಿಯ ಮಾತು ಎತ್ತಲಿಲ್ಲ. ಅಂಥ ವಸ್ತುವನ್ನು ಬೆಂಕಿಯ ಹತ್ತಿರ ಯಾರು ಒಯ್ಯುತ್ತಾರೆ?

ಹಿರಿಯರ ಹಬ್ಬದ ಮಹಾಲಯ ಅಮಾವಾಸ್ಯೆಯ ದಿನ, ಪೆಟ್ರೋಲಿಲ್ಲದೆ ಓಡುತ್ತಿದ್ದ ಇದ್ದಲು ಗ್ಯಾಸಿನ ಬಸ್ಸು ದಾರಿಯಲ್ಲಿ ಕೆಟ್ಟು ನಿಂತು, ಅವನು ಹಲಗೂರು ಮುಟ್ಟುವಾಗ ಸಂಜೆಯಾಗಿತ್ತು. ಮನೆಯವರೆಲ್ಲ ಜಗಲಿಯಲ್ಲಿ ಕೂತಿದ್ದರು, ನಡುಮನೆಯ ಬಾಗಿಲು ಮುಚ್ಚಿತ್ತು. ಎಡೆ ಇಟ್ಟು, ಧೂಪ ಹಾಕಿ, ಹಿರಿಯರು ಬಂದು ಉಣ್ಣಲೆಂದು ಎಲ್ಲರೂ ಹೊರಗೆ ಬರುವ ಹೊತ್ತು ಅದು. ಯಂತ್ರ ಜಗಲಿಯ ಮೇಲಿತ್ತು. ಡಬ್ಬಿ ಬರಿದಾಗಿತ್ತು.

"ಕೊಳ್ವೆ ಎಲ್ಲಿ ದೊಡ್ಡವ್ವ?"

"ಒಳ್ಗೆ ಎಡೆ ಮುಂದೆ ಮಡ್ಗಿವ್ನಿ ಕಣಪ್ಪ," ಎಂದರು ದೊಡ್ಡತಾಯಮ್ಮ. "ಅವ್ರಪ್ಪುಂಗೆ ಪಂಚೆ, ಅತ್ತೆಗೆ ಸೀರೆ ಇಕ್ಕಿದ್ದೀವಿ. ಮುದ್ದಮ್ಮುಂದು ಅಂತ ಉಳ್ದಿರೋದು ಅದೊಂದೇಯ. ಊವ ಮುಡ್ಸಿ, ಧೂಪ ಚೆಂದಾಗಿ ತಾಕ್ಲಿ ಅಂತ ಕೆಂಡದ ಚಟ್ಟಿಗೆ ಒರಗ್ಸಿವ್ನಿ."

ಹುಚ್ಚೀರಯ್ಯ ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟ. "ಬಾಗ್ಲು ತಗೀಬೋದಾ?" ಎಂದ.

"ಈಗ ತಗ್ಯಂಗಿಲ್ಲ ಕಣಣ್ಣ," ಎಂದ ಹೊನ್ನಯ್ಯ. "ಹಿರೇರು ಉಣ್ತಾ ಅವ್ರೆ."

ಅದು ಮೇಣ, ಕರಗುತ್ತದೆ ಎಂಬ ಎರಡು ಮಾತು ಸಾಕಿತ್ತು. ಊರನ್ನೆಲ್ಲ ಬಾಯಿಗೆ ಬಂದಂತೆ ಬೈಯುತ್ತಿದ್ದವನಿಗೆ ಆ ಎರಡು ಮಾತು ಹೊರಡಲಿಲ್ಲ. ಅವನ ಮನೆಯಲ್ಲೂ ಆ ಹೊತ್ತಿನಲ್ಲಿ ಆ ಬಾಗಿಲನ್ನು ಯಾರೂ ಮುಟ್ಟುವುದಿಲ್ಲ. ತೆಗೆದರೆ ಬಂದವರು ಹಸಿದು ಹೋಗುತ್ತಾರೆ. ಕೆಂಡ ಮೇಣವನ್ನು ಏನು ಮಾಡುತ್ತದೆಂದು ಬಲ್ಲವನೇ, ಒಳಗೆ ಮುದ್ದಮ್ಮ ಎಲೆಯ ಮುಂದೆ ಕೂತಿದ್ದಾಳೆಂದೂ ನಂಬಿದ್ದ. ಕೂಸನ್ನು ಅರ್ಧ ಊಟದಲ್ಲಿ ಎಬ್ಬಿಸುವುದು ಹೇಗೆ? ಕೆಂಡ ಆರಿರಬಹುದು, ಏನೂ ಆಗಿರಲಾರದು ಎಂದುಕೊಳ್ಳುತ್ತ ಕಂಬ ಹಿಡಿದು ನಿಂತ.

ಹಿರಿಯರ ಊಟ ಮುಗಿಯುವಷ್ಟು ಹೊತ್ತು ಬಿಟ್ಟು, ಒಳಗಿದ್ದವರಿಗೆ ತಿಳಿಯಲೆಂದು ಹೊನ್ನಯ್ಯ ಕೆಮ್ಮಿ, ಕದ ತಟ್ಟಿ, ಬಾಗಿಲು ತೆಗೆದ. ಕೊಳವೆಯ ಒಂದು ಮಗ್ಗುಲು ಚಟ್ಟಿಗೆ ಅಂಟಿ ಇಳಿದುಹೋಗಿತ್ತು. ಮುಡಿಸಿದ್ದ ಹೂವು ಮೇಣದೊಳಗೆ ಹೂತಿತ್ತು.

"ಓಯ್ತು ದೊಡ್ಡವ್ವ," ಎಂದ ಹುಚ್ಚೀರಯ್ಯ. "ಇದು ಮೇಣ. ಬಾಗ್ಲು ತಗ್ಸಿ ಅಂತ ನಾನು ಆಗ್ಲೇ ಕೂಗ್ಬೇಕಾಗಿತ್ತು. ಬಾಯೇ ಬರ್ನಿಲ್ಲ."

ದೊಡ್ಡತಾಯಮ್ಮ ಬೈಯಲಿಲ್ಲ, ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಅದನ್ನು ಸೆರಗಿನಲ್ಲಿ ಎತ್ತಿಕೊಂಡರು. ಆಮೇಲೆ, "ನೀನು ಕೇಳಿದ್ಯಾ?" ಎಂದರು.

"ಒಂದ್ಸಲ ಕೇಳ್ದೆ."

"ಹೇಳು ಮತ್ತೆ. ಏನಂತು?"

ಹುಚ್ಚೀರಯ್ಯ ಅವರ ಮುಂದೆ ನೆಲಕ್ಕೆ ಕುಕ್ಕರಿಸಿದ. ಬೀಡಿ ಸೇದಿ ಒಡೆದ ಅವನ ಗಂಟಲಿಗೆ ಆ ದನಿ ಎಲ್ಲಿಂದ ಬರಬೇಕು? ಆದರೂ ಹೇಳಿದ. "ಕೊಟ್ಗೆಲಿರೋ ಕರುಗಳ್ನೆಲ್ಲ ಹೆಸ್ರು ಹಿಡ್ದು ಕೂಗ್ತು. ಒಂದರ ಹೆಸ್ರು ಮರ್ತೋಗಿ ನಕ್ಬುಡ್ತು. ಆಮೇಲೆ, 'ಅಪ್ಪಾ, ಅವ್ವ ಬತ್ತಿದ್ದಂಗೇ ಇದ್ನ ಕೇಳುಸ್ತೀಯಾ?' ಅಂತು."

"ಅವ್ರಪ್ಪ ಏನಂದ್ರು?"

"'ಊಂ ಕಣವ್ವ' ಅಂದ್ರು. ಅಲ್ಗೆ ಮುಗೀತು."

ದೊಡ್ಡತಾಯಮ್ಮ ಗೋಡೆ ಕಡೆ ತಿರುಗಿ ಕೂತರು. ಒಳಗೆ ಬಡಿಸಿದ್ದೆಲ್ಲ ಆರುತ್ತಿತ್ತು. ಅವರು ಆ ಕಡೆ ತಿರುಗಿಕೊಂಡೇ, "ಎಡೆ ತಗ್ದು ಎಲ್ಲಾರ್ಗೂ ಇಕ್ಕು ಒನ್ನಯ್ಯ," ಎಂದರು. "ಮುದ್ದಮ್ಮನ ಎಲೆ ಒಂದ್ನ ಇನ್ನೊಸಿ ಹೊತ್ತು ಹಂಗೇ ಬುಡು."