ತುಕ್ಕಿಗೂ ನಿದ್ದೆಯಿಲ್ಲ, ಸಾಣೆಯಕ್ಕನಿಗೂ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಐಸ್ ಸ್ಕೇಟಿಂಗ್ ಅಂಗಳದ ಹಿಂದಿನ ಕೋಣೆಯಲ್ಲಿ ಸಾಣೆಯಕ್ಕ ಒಂದು ಬೂಟನ್ನು ಬೋರಲು ಹಿಡಿದು ಅದರ ಅಲಗಿನ ಮೇಲೆ ಉಗುರು ಆಡಿಸುತ್ತಿದ್ದಾರೆ. ಒಂದು ಕಡೆ ಉಗುರು ತಡೆಯುತ್ತದೆ. "ಅಯ್ಯೋ, ಅಂಚಿಗೇ ತುಕ್ಕು ಹತ್ತಿದೆಯಲ್ಲಪ್ಪಾ!" ಎದುರಿಗೆ ನಿಂತ ಅಪ್ಪ, ಮಗಳು ಇಬ್ಬರ ಮುಖವೂ ಬಿಳುಚಿಕೊಳ್ಳುತ್ತದೆ. ಇನ್ನು ಸ್ವಲ್ಪ ಹೊತ್ತಿಗೆ ಮಗಳ ಆಯ್ಕೆ ಸ್ಪರ್ಧೆ. ಸಾಣೆಯಕ್ಕನ ಕೆಲಸದ ಬಗ್ಗೆ ಬರೆಯಲು ಬಂದ ನಾನು ಮೂಲೆಯಲ್ಲಿ ನಿಂತು ನೋಡುತ್ತಿದ್ದೇನೆ.

ತಪ್ಪು ಅಪ್ಪನದು, ಅದೂ ಅಕ್ಕರೆಯಿಂದಾದ ತಪ್ಪು. ಸ್ಪರ್ಧೆಗೆ ಮುಂಚೆ ಮಗಳ ಕಾಲಿಗೆ ವಿಶ್ರಾಂತಿ ಇರಲೆಂದು ಕೆಲವು ದಿನ ಅಭ್ಯಾಸ ನಿಲ್ಲಿಸಿದ್ದರು. ಅಲಗಿಗೆ ಪೆಟ್ಟಾಗದಿರಲೆಂದು ಪ್ಲಾಸ್ಟಿಕ್ ಕವಚ ತೊಡಿಸಿ, ಬೂಟನ್ನು ಚೀಲದಲ್ಲಿ ಭದ್ರವಾಗಿಟ್ಟಿದ್ದರು.

"ಒರೆಸಿದ್ದೆ ಅಕ್ಕಾ, ನಿಜವಾಗ್ಲೂ!" ಎನ್ನುತ್ತಾರೆ ಅಪ್ಪ.

"ಒರೆಸಿರ್ತೀರಿ, ಯಾರು ಇಲ್ಲ ಅಂದ್ರು? ತಣ್ಣಗಿರೋ ಅಲಗು ಹೊರಗೆ ಬಂದ್ಮೇಲೆ ಮತ್ತೆ ಬೆವರುತ್ತೆ, ಆ ನೀರು ಕವಚದೊಳಗೇ ಉಳಿದು ತುಕ್ಕು ಹಿಡಿಯುತ್ತೆ. ಕವಚ ಇರೋದು ನೆಲದ ಮೇಲೆ ನಡೆಯೋಕೆ. ಮಲಗಿಸೋಕೆ ಬಟ್ಟೆ ಗವಸು."

ಕತ್ತರಿಗೆ ಸಾಣೆ ಹಿಡಿಯುತ್ತಿದ್ದವರ ಮಗಳು ಸಾಣೆಯಕ್ಕ. ಇಲ್ಲಿಗೆ ನೆಲ ಒರೆಸಲು ಬಂದವರು, ಅಲಗಿಗೆ ಅಂಟಿಕೊಂಡರು. ದಿನವೂ ಬಾಡಿಗೆ ಬೂಟುಗಳ ರಾಶಿಯನ್ನು ಒರೆಸಿ, ಚಳಿ ಬಿಡಲು ಕಾದು, ಮತ್ತೆ ಒರೆಸಿ, ತೆಳ್ಳಗೆ ಎಣ್ಣೆ ಸವರಬೇಕು. ಬೆರಳ ಸಂದೆಲ್ಲ ಬಿರುಕು. "ಮನೇಲಿ ಚಮಚಾನೂ ಎರಡು ಸಲ ಒರೆಸ್ತಾಳೆ, ಅಷ್ಟರಲ್ಲಿ ಊಟ ಆರಿ ಹೋಗಿರುತ್ತೆ" ಎಂದು ಗಂಡ ರೇಗಿಸುತ್ತಾರಂತೆ.

ಅಲಗಿನ ಪಕ್ಕಕ್ಕೆ ಹತ್ತಿದ ತುಕ್ಕು ನುಣುಪು ಕಲ್ಲಿನಿಂದ ಉಜ್ಜಿದರೆ ಹೋಗುತ್ತದೆ. ಅಂಚಿನದಕ್ಕೆ ಸಾಣೆ ಚಕ್ರವೇ ಬೇಕು. ಕಡಿಮೆ ಉಜ್ಜಿದರೆ ಗುಳಿ ಉಳಿದು ಕಾಲು ತಡವರಿಸುತ್ತದೆ. ಹೆಚ್ಚಾದರೆ ಹುಡುಗಿಯ ಕಾಲಿಗೆ ಪಳಗಿದ ಅಲಗೇ ಬೇರೆಯಾಗಿಬಿಡುತ್ತದೆ. ಕಿಡಿ ಹಾರುತ್ತದೆ. ಸಾಣೆಯಕ್ಕ ನಿಲ್ಲಿಸುತ್ತಾರೆ, ಬೆಳಕಿಗೆ ಹಿಡಿಯುತ್ತಾರೆ, ತುಟಿ ಕಚ್ಚಿಕೊಂಡು ಇನ್ನೊಮ್ಮೆ ತಾಗಿಸುತ್ತಾರೆ. ಆಮೇಲೆ ಇನ್ನೊಂದು ಬೂಟಿಗೂ ಅಷ್ಟೇ ಸಾಣೆ, ಎರಡೂ ಕಾಲು ಒಂದೇ ಸಮ ಇರಬೇಕಲ್ಲ.

"ಅಕ್ಕಾ, ಜಾರಿಬಿಡ್ತೀನಾ?" ಹುಡುಗಿ ಬೂಟಿಗೆ ಕೈ ಚಾಚುತ್ತ ಕೇಳುತ್ತಾಳೆ.

"ಅಲಗು ಮೊದಲು ಐಸನ್ನ ಸ್ವಲ್ಪ ಹೆಚ್ಚಾಗೇ ಕಚ್ಚುತ್ತೆ ಕಣಮ್ಮ. ಎರಡು ಸುತ್ತು ಹಾಕಿ ಕಾಲಿಗೆ ಗುರುತು ಮಾಡಿಸ್ಕೋ. ಆಮೇಲೆ ಜಿಗಿ."

ಅಪ್ಪ, ಮಗಳು ಓಡುತ್ತಾರೆ. ತುಸು ಹೊತ್ತಿಗೆ ಗೋಡೆಯಾಚೆ ಸಂಗೀತ ಶುರುವಾಗುತ್ತದೆ. ಸಾಣೆಯಕ್ಕ ನೋಡಲು ಹೋಗುವುದಿಲ್ಲ, ಧೈರ್ಯ ಸಾಲದು. ಕೈಯಲ್ಲಿನ ಬಟ್ಟೆ ಹಿಂಡುತ್ತ ಕೂತಿದ್ದಾರೆ. ಇಷ್ಟು ವರ್ಷ ದುಡಿದೂ ಯಾರ ಕಣ್ಣಿಗೂ ಬೀಳಲಿಲ್ಲವಲ್ಲ, ಬೇಜಾರಿಲ್ಲವೇ ಎಂದು ಕೇಳುತ್ತೇನೆ.

"ಶ್! ಸುಮ್ನಿರಿ ಸ್ವಲ್ಪ" ಎಂದು ಗೋಡೆಗೆ ಕಿವಿಗೊಡುತ್ತಾರೆ. "ನಾನು ಯಾರ ಕಣ್ಣಿಗೂ ಬೀಳೋದು ಬೇಡ. ಆ ಮಗು ಬೀಳದೆ ಇದ್ರೆ ಸಾಕು."