ನಿದ್ದೆ ಕೊಡುವ ಡಾಕ್ಟರಿಗೆ ಬಂದ ಹೆದರಿಕೆ

ನಮ್ಮ ಮನೆಯವರು ಡಾಕ್ಟರ್ ಕರುಣಾಕರ, ಧಾರವಾಡದವರು. ಮೂವತ್ತು ವರ್ಷಕ್ಕೂ ಮೀರಿ ನ್ಯೂಜೆರ್ಸಿಯ ಆಸ್ಪತ್ರೆಗಳಲ್ಲಿ ಆಪರೇಷನ್ನಿಗೆ ಮುಂಚೆ ರೋಗಿಗಳಿಗೆ ಅರಿವಳಿಕೆ ಕೊಟ್ಟವರು. ಎಂಥ ಅಂಜುಬುರುಕನೂ ಇವರ ಎರಡು ಮಾತು ಕೇಳಿದರೆ ಆರಾಮಾಗಿ ಕಣ್ಣು ಮುಚ್ಚುತ್ತಿದ್ದನಂತೆ. ರಿಟೈರ್ ಆದಮೇಲೆ ಹಿಲ್ಸ್‌ಬರೋದ ನಮ್ಮ ಬೇಸ್‌ಮೆಂಟಿನಲ್ಲಿ ಶನಿವಾರ ಸಂಜೆ ನಾಲ್ಕಾರು ಕನ್ನಡ ಕ್ರೈಸ್ತ ಕುಟುಂಬಗಳಿಗೆ ಬೈಬಲ್ ಹೇಳಿಕೊಡುತ್ತಾರೆ. ದೇವರ ಮೇಲೆ ಭಾರ ಹಾಕಿ ಅಂತ ಊರಿಗೆಲ್ಲ ಹೇಳುವ ಮನುಷ್ಯ.

ಈ ವರ್ಷ ಇವರ ಹೃದಯದ ಕವಾಟವೇ ಕೆಟ್ಟಿತು. ಎದೆ ತೆರೆದು ಬದಲಾಯಿಸದಿದ್ದರೆ ಹೆಚ್ಚು ದಿನ ಇಲ್ಲ ಅಂತ ಹೃದಯದ ಡಾಕ್ಟರು ಹೇಳಿದರು. ಆಪರೇಷನ್ ದಿನ ಸ್ಟ್ರೆಚರ್ ಮೇಲೆ ಮಲಗಿದ್ದವರು, ಒಳಗೆ ಕರೆದೊಯ್ಯುವ ಹೊತ್ತಿಗೆ ದಿಢೀರನೆ ಎದ್ದು ಕೂತರು. ಮೈಯೆಲ್ಲ ಬೆವರು.

"ಕಲಾ, ನನ್ನ ಪ್ಯಾಂಟ್ ಕೊಡು. ನಾ ಒಲ್ಲೆ."

ಅಯ್ಯೋ ದೇವರೇ! ನನಗೆ ಸಿಟ್ಟು ನೆತ್ತಿಗೇರಿತು. ಕಾರಿನಲ್ಲಿ ಮನೆ ಮುಟ್ಟುವ ತನಕ ಬೈದೆ.

"ಮಂದಿಗೆಲ್ಲಾ ಉಪದೇಶ ಮಾಡ್ತೀರಿ, ನಿಮಗ ಎಳ್ಳಷ್ಟೂ ನಂಬಿಕಿ ಇಲ್ಲೇನ್ರೀ?"

ಇವರು ಕಿಟಕಿಯ ಕಡೆ ಮುಖ ಮಾಡಿದರು. "ನಾ ಮಂದೀನ ಮಲಗಿಸಿದಾಗ ಕಣ್ಣು ಮಿಟುಕಿಸದ ಕಾಯ್ದೀನಿ. ನಾ ಮಲಗಿದರ ಕಾಯವ್ರು ಯಾರು? ದೇವರು ಅಂತ ಬಾಯಿ ಅಂತದ. ಎದಿ ನಂಬವಲ್ದು, ಕಲಾ."

ಆ ಶನಿವಾರದ ಪಾಠ, ದೇವರು ಕೊಡುತ್ತೇನೆ ಅಂದ ನಾಡಿನ ಅಂಚಿಗೆ ಬಂದ ಇಸ್ರಾಯೇಲ್ಯರು ಅಲ್ಲಿನ ದೈತ್ಯರ ಸುದ್ದಿ ಕೇಳಿ ಹಿಂದೆ ಸರಿದದ್ದು. ಪಾಠಕ್ಕೆ ಬರುವ ಕಾಲೇಜು ಹುಡುಗಿ ತಾರಿಣಿ ಕೇಳಿದಳು, "ಅಂಕಲ್, ಸೋ ದೇ ನೆವರ್ ಗಾಟ್ ಇನ್?"

"ಇಲ್ಲವ್ವಾ. ಇಬ್ಬರನ್ನ ಬಿಟ್ಟರ ಆ ತಲೆಮಾರಿನ ದೊಡ್ಡವರೆಲ್ಲಾ ಮರುಭೂಮಿಯೊಳಗ ಸತ್ರು."

"ಬಿಕಾಸ್ ದೇ ವರ್ ಸ್ಕೇರ್ಡ್?"

ಇವರು ಬೈಬಲ್ ಮುಚ್ಚಿ ತೊಡೆಯ ಮೇಲಿಟ್ಟುಕೊಂಡರು. "ಹೆದರಿಕಿ ಎಲ್ಲಾರಿಗೂ ಇರ್ತದ. ಅಲ್ಲೀತನಕ ಕರ್ಕೊಂಡು ಬಂದಾವನ್ನ ನಂಬಲಿಲ್ಲ, ಅದಕ್ಕ." ಸೋಮವಾರ ತಾವೇ ಆಸ್ಪತ್ರೆಗೆ ಫೋನ್ ಮಾಡಿ ಆಪರೇಷನ್ನಿಗೆ ಹೊಸ ದಿನ ಕೇಳಿದರು.

ಇವತ್ತು ಬೆಳಿಗ್ಗೆ ಮತ್ತೆ ಸ್ಟ್ರೆಚರ್. ಇವರ ಹಲ್ಲು ಕಟಕಟ ಅನ್ನುತ್ತಿದ್ದವು.

"ಹೆದರಿಕಿ ಹೋಗಿಲ್ಲ, ಕಲಾ. ಹೆದರಿಕೊಂತನ ದೇವರ ಕೈಯಾಗ ಬೀಳ್ತೀನಿ. ನೀ ಒಂದು ಪ್ರಾರ್ಥನಾ ಮಾಡು."

ಕಣ್ಣು ಮುಚ್ಚಿದೆ, ಬಾಯಿ ತೆರೆದೆ. ಒಂದು ಮಾತೂ ಹೊರಡಲಿಲ್ಲ. ಇವರು ಸತ್ತೇ ಹೋಗುತ್ತಾರೆ, ಮೇಲೆ ಕೇಳುವವರು ಯಾರೂ ಇಲ್ಲ ಅನ್ನುವುದೊಂದೇ ನನ್ನ ತಲೆಯಲ್ಲಿತ್ತು. ಇಷ್ಟು ವರ್ಷ ಇವರ ನಂಬಿಕೆಯ ಮೇಲೇ ನಾನು ದಿನ ದೂಡಿದ್ದೆ, ನನ್ನದು ಅಂತ ಒಂದು ಚೂರೂ ಇರಲಿಲ್ಲ.

ನನ್ನ ಮುಖ ನೋಡಿ ಇವರಿಗೆ ಗೊತ್ತಾಗಿಹೋಯಿತು. ಬೈಯಲಿಲ್ಲ. ನನ್ನ ಕೈ ಹಿಡಿದು, ನನ್ನ ಹೆಸರು ಹೇಳಿ, ತಾವೇ ಪ್ರಾರ್ಥನೆ ಮಾಡಿದರು. ಆಮೇಲೆ ಸ್ಟ್ರೆಚರ್ ತಳ್ಳುವವನಿಗೆ "ಓಕೆ" ಅಂದರು. ಬಾಗಿಲು ಮುಚ್ಚಿತು.

ಈಗ ಇವರು ಒಳಗೆ ನಿದ್ದೆಯಲ್ಲಿದ್ದಾರೆ. ನಾನು, ನಾಡಿನ ಅಂಚಿಗೆ ಬಂದೂ ಒಳಗೆ ಹೋಗದ ಆ ಮಂದಿಯ ಹಾಗೆ, ಹೊರಗೆ ನಿಂತಿದ್ದೇನೆ. ನರ್ಸ್ ಆಗಲೇ ಎರಡು ಸಲ ಬಂದು ಕುರ್ಚಿ ತೋರಿಸಿದಳು. ಕೂರಲು ಆಗುತ್ತಿಲ್ಲ.